ರಾಜೀನಾಮೆಯ ನಂತರದ ಸಾಕ್ಷ್ಯ

ಕೈತುಂಬ ಸಂಬಳದ ಕೆಲಸ ಬಿಟ್ಟು ಬಂದವರು ತಾವು ಯಾಕೆ ಬಿಟ್ಟೆವು ಎಂದು ಬರೆಯುವುದು ಈಗ ಒಂದು ಬರವಣಿಗೆಯ ಪ್ರಕಾರವೇ ಆಗಿಬಿಟ್ಟಿದೆ. ಅವುಗಳಲ್ಲಿ ಹೆಚ್ಚಿನವು ಸಿಟ್ಟು ಆರುವ ಮೊದಲೇ ಬರೆದವು. ಓದಿ ಮುಗಿಸಿದಾಗ ಬರೆದವರ ಸಿಟ್ಟು ನಮಗೆ ನೆನಪಿರುತ್ತದೆ, ಆ ಕಚೇರಿಯಲ್ಲಿ ನಡೆದದ್ದೇನು ಎಂಬುದು ಮಸುಕಾಗಿರುತ್ತದೆ. ಸೂಸನ್ ಫೌಲರ್ ಎಂಬ ಅಮೆರಿಕದ ಇಂಜಿನಿಯರ್ 2017ರ ಫೆಬ್ರುವರಿ 19ರಂದು ಪ್ರಕಟಿಸಿದ ಲೇಖನದ ಜಾತಿ ಬೇರೆ. ಉಬರ್ ಕಂಪನಿಯಲ್ಲಿ ತಾವು ಕಳೆದ ಒಂದು ವರ್ಷದ ಬಗ್ಗೆ ಅವರು ಬರೆದದ್ದು; ಒಂದೇ ಸಲ ಕೂತು ಓದಿ ಮುಗಿಸಬಹುದಾದಷ್ಟು ಚಿಕ್ಕದು. ಅದರಿಂದ ಎದ್ದ ಸುದ್ದಿಯ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಅದನ್ನು ಒಂದು ಬರಹವಾಗಿ ಓದಿದವರು ಕಡಿಮೆ. ಅಂಥವೇ ಕಚೇರಿಗಳಲ್ಲಿ ಲಕ್ಷಾಂತರ ಜನ ದುಡಿಯುವ ಬೆಂಗಳೂರಿನಲ್ಲಿ ಆ ಓದು ಇನ್ನೂ ಬಾಕಿ ಇದೆ ಎಂದು ನನಗೆ ಅನ್ನಿಸಿದೆ.

ಫೌಲರ್ ಉಬರ್ ಸೇರಿದ್ದು 2015ರ ನವೆಂಬರ್‌ನಲ್ಲಿ, ಸೈಟ್ ರಿಲಯಬಿಲಿಟಿ ಇಂಜಿನಿಯರ್ ಆಗಿ. ಆ್ಯಪ್ ಯಾವ ಹೊತ್ತಿಗೂ ನಿಲ್ಲದಂತೆ ನೋಡಿಕೊಳ್ಳುವ, ನಡುರಾತ್ರಿ ಏನಾದರೂ ಕೆಟ್ಟರೆ ಎದ್ದು ಕೂತು ಸರಿಪಡಿಸುವ ಕೆಲಸ ಅದು. ಆಗಿನ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಉಬರ್‌ನ ಕೆಲಸವೆಂದರೆ ಹತ್ತು ಜನ ಹುಬ್ಬೇರಿಸುವಂಥದ್ದು. ತರಬೇತಿ ಮುಗಿಸಿ ತಂಡಕ್ಕೆ ಸೇರಿದ ಮೊದಲ ದಿನವೇ ಅವರ ಮ್ಯಾನೇಜರ್ ಕಂಪನಿಯ ಚಾಟ್‌ನಲ್ಲಿ ತನ್ನ ಖಾಸಗಿ ಸಂಬಂಧಗಳ ವಿಷಯ ಎತ್ತಿ, ಜೊತೆಗೆ ಮಲಗುವ ಹೆಂಗಸರನ್ನು ತಾನು ಹುಡುಕುತ್ತಿದ್ದೇನೆ ಎಂಬರ್ಥದ ಮಾತು ಕಳಿಸಿದ. ಫೌಲರ್ ಅದರ ಸ್ಕ್ರೀನ್‌ಶಾಟ್ ತೆಗೆದು ಎಚ್‌ಆರ್‌ಗೆ ದೂರು ಕೊಟ್ಟರು.

ಸಾಧಾರಣ ಬರಹಗಾರರಾಗಿದ್ದರೆ ಇಲ್ಲೇ ನಿಂತುಬಿಡುತ್ತಿದ್ದರು. ಆ ಮ್ಯಾನೇಜರನ ಕೊಳಕನ್ನು ಬಿಡಿಸಿ ತೋರಿಸುವುದರಲ್ಲೇ ಲೇಖನ ಮುಗಿಯುತ್ತಿತ್ತು. ಫೌಲರ್ ಅವನಿಗೆ ಕೊಡುವುದು ಕೆಲವೇ ಸಾಲು. ಅವನ ಹೆಸರನ್ನೂ ಹೇಳುವುದಿಲ್ಲ. ಅವರ ಕಣ್ಣು ನೆಟ್ಟಿರುವುದು ದೂರಿಗೆ ಬಂದ ಉತ್ತರದ ಮೇಲೆ. ಇದು ಅವನ ಮೊದಲ ತಪ್ಪು, ಅವನು ಒಳ್ಳೆಯ ಕೆಲಸಗಾರ, ಎಚ್ಚರಿಕೆ ಕೊಡುವುದಕ್ಕಿಂತ ಹೆಚ್ಚಿನದೇನನ್ನೂ ಮಾಡಲಾಗದು ಎಂದಿತು ಎಚ್‌ಆರ್. ಜೊತೆಗೆ ಎರಡು ದಾರಿ ತೋರಿಸಿತು. ಬೇಕಾದರೆ ಬೇರೆ ತಂಡ ಹುಡುಕಿಕೊಳ್ಳಬಹುದು. ಇಲ್ಲೇ ಇರುವುದಾದರೆ ಇದೇ ಮ್ಯಾನೇಜರ್ ಮುಂದಿನ ಮೌಲ್ಯಮಾಪನದಲ್ಲಿ ಕೆಟ್ಟ ಅಂಕ ಕೊಟ್ಟಾನು, ಅದನ್ನು ತಡೆಯಲು ತಮ್ಮಿಂದಾಗದು. ಫೌಲರ್ ತಂಡ ಬದಲಿಸಿದರು. ಕೆಲವು ತಿಂಗಳಲ್ಲಿ ಕಂಪನಿಯ ಬೇರೆ ಹೆಂಗಸರ ಪರಿಚಯವಾದಾಗ ಗೊತ್ತಾಯಿತು: ಅದೇ ಮ್ಯಾನೇಜರ್, ಅದೇ ಬಗೆಯ ಮಾತು, ಅದೇ ದೂರು. ಅವರಿಗೂ ಎಚ್‌ಆರ್ ಹೇಳಿದ್ದು ಇದು ಅವನ ಮೊದಲ ತಪ್ಪು ಎಂದೇ.

ಲೇಖನದ ಅತ್ಯಂತ ಗಟ್ಟಿಯಾದ ಜಾಗ ಇದು. ಒಬ್ಬ ಮ್ಯಾನೇಜರನ ದುರ್ನಡತೆ ಅವನೊಬ್ಬನ ಸ್ವಭಾವ ಎಂದು ತಳ್ಳಿಹಾಕಬಹುದು. ಒಂದೇ ಸುಳ್ಳನ್ನು ಹಲವರಿಗೆ, ಹಲವು ತಿಂಗಳ ಅಂತರದಲ್ಲಿ, ಒಂದೇ ಧಾಟಿಯಲ್ಲಿ ಹೇಳುವುದು ಕಂಪನಿಯ ರೂಢಿ. ಕೆಲಸದ ಜಾಗದ ಸಂಸ್ಕೃತಿ ಎಂದು ನಾವು ಬಾಯಿತುಂಬ ಹೇಳುವುದು ಕಣ್ಣಿಗೆ ಕಾಣುವುದೇ ಇಂಥಲ್ಲಿ, ದೂರು ಹೊತ್ತು ಒಳಗೆ ಹೋದವರು ಹೊರಗೆ ಏನು ಹೊತ್ತು ಬರುತ್ತಾರೆ ಎಂಬಲ್ಲಿ. ಗೋಡೆಗೆ ಅಂಟಿಸಿದ ಮೌಲ್ಯಗಳ ಪಟ್ಟಿ, ಶುಕ್ರವಾರದ ಪಿಜ್ಜಾ, ಮೆತ್ತನೆಯ ಕುರ್ಚಿ ಯಾವುದರಿಂದಲೂ ಅದು ಗೊತ್ತಾಗುವುದಿಲ್ಲ. ಇಷ್ಟನ್ನೂ ಫೌಲರ್ ಎಲ್ಲಿಯೂ ಸಿದ್ಧಾಂತವಾಗಿ ಹೇಳುವುದಿಲ್ಲ. ಘಟನೆಯ ಪಕ್ಕ ಘಟನೆ ಇಡುತ್ತಾ ಹೋಗುತ್ತಾರೆ, ತೀರ್ಮಾನ ಓದುಗರಿಗೇ ಬರುತ್ತದೆ.

ಎರಡನೆಯ ಭಾಗದಲ್ಲಿ ಕಥೆ ಇನ್ನಷ್ಟು ಕತ್ತಲಿಗೆ ಇಳಿಯುತ್ತದೆ. ಹೊಸ ತಂಡದಿಂದ ಮತ್ತೊಂದು ತಂಡಕ್ಕೆ ಹೋಗಲು ಫೌಲರ್ ಅರ್ಜಿ ಹಾಕಿದರೆ, ದಾಖಲಾಗದ ಕೆಲಸದ ಸಮಸ್ಯೆಗಳಿವೆ ಎಂಬ ಕಾರಣ ಕೊಟ್ಟು ತಡೆಯುತ್ತಾರೆ. ಅವರ ಮೌಲ್ಯಮಾಪನದಲ್ಲಿ ಅಂಥ ದೂರು ಒಂದೂ ಇರಲಿಲ್ಲ. ಮುಂದಿನ ಮೌಲ್ಯಮಾಪನವೂ ಚೆನ್ನಾಗಿಯೇ ಬಂತು. ಆಮೇಲೆ, ಅವರಿಗೆ ತಿಳಿಸದೆ, ಅಂಕ ಬದಲಾಯಿತು. ಸಮಸ್ಯೆ ಕೆಲಸದ್ದೇ ಆಗಿರಬೇಕಿಲ್ಲ, ಹೊರಗಿನ ಬದುಕಿನದ್ದೂ ಇರಬಹುದು ಎಂದರಂತೆ. ಅಂಕ ಇಳಿದದ್ದರಿಂದ ಕಂಪನಿಯ ಖರ್ಚಿನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಂಪ್ಯೂಟರ್ ವಿಜ್ಞಾನ ಓದುವ ಅವಕಾಶ ಕೈತಪ್ಪಿತು. ಅವರನ್ನು ಬಿಟ್ಟುಕೊಡದಿರಲು ನಿಜವಾದ ಕಾರಣ ಆಮೇಲೆ ತಿಳಿಯಿತು. ಬೇರೆ ತಂಡಗಳಿಂದ ಹೆಂಗಸರೆಲ್ಲ ಬಿಟ್ಟು ಹೋಗುತ್ತಿದ್ದರೂ ತನ್ನ ತಂಡದಲ್ಲಿ ಇನ್ನೂ ಇದ್ದಾರೆ ಎಂದು ಹೊಸ ತಂಡದ ಮ್ಯಾನೇಜರ್ ಹೇಳಿಕೊಳ್ಳಬೇಕಿತ್ತು.

ಈ ಭಾಗ ಓದುವ ಕನ್ನಡಿಗರಿಗೆ ಯಶವಂತ ಚಿತ್ತಾಲರ ‘ಶಿಕಾರಿ’ ನೆನಪಾಗದೆ ಇರದು. 1979ರಲ್ಲಿ ಬಂದ ಆ ಕಾದಂಬರಿಯ ನಾಗಪ್ಪ ಮುಂಬಯಿಯ ದೊಡ್ಡ ಕಂಪನಿಯೊಂದರ ಅಧಿಕಾರಿ. ತನ್ನ ಮೇಲಿರುವ ಆಪಾದನೆ ನಿಖರವಾಗಿ ಏನೆಂದೇ ತಿಳಿಯದೆ ಅವನು ತೊಳಲಾಡುತ್ತಾನೆ. ಚಿತ್ತಾಲರು ಸ್ವತಃ ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿದವರು, ಆ ಜಗತ್ತನ್ನು ಒಳಗಿನಿಂದ ಬಲ್ಲವರು. ಅವರಿಗೆ ಬೇಕಿದ್ದುದು ಭಯಕ್ಕೆ ಸಿಕ್ಕ ಮನಸ್ಸು ಹೇಗೆ ತನ್ನನ್ನೇ ಅನುಮಾನಿಸಲು ಶುರುಮಾಡುತ್ತದೆ ಎಂಬುದು. ಫೌಲರ್‌ಗೆ ಬೇಕಿದ್ದುದು ಆ ಭಯ ಹುಟ್ಟಿಸುವ ಕಾಗದಪತ್ರದ ದಾರಿ. ಯಾರು ಯಾವಾಗ ಏನು ಹೇಳಿದರು, ಯಾವುದು ಬರಹದಲ್ಲಿದೆ, ಯಾವುದು ಬಾಯಿಮಾತಿನಲ್ಲಿ ಉಳಿಯಿತು. ನಮ್ಮ ಸಾಹಿತ್ಯ ಮೊದಲನೆಯದನ್ನು ಚೆನ್ನಾಗಿ ಬರೆದಿದೆ. ಎರಡನೆಯ ಬಗೆಯ ಗದ್ಯ ನಮ್ಮಲ್ಲಿ ತೀರಾ ಕಡಿಮೆ, ಅದಕ್ಕೇ ಈ ಲೇಖನ ನಮಗೆ ಹೆಚ್ಚು ಬೇಕಾದದ್ದು.

ಇನ್ನು ಜಾಕೆಟ್‌ಗಳ ಪ್ರಸಂಗ. ಇಡೀ ವಿಭಾಗದ ಇಂಜಿನಿಯರ್‌ಗಳಿಗೆ ಲೆದರ್ ಜಾಕೆಟ್ ಕೊಡುವುದಾಗಿ ಕಂಪನಿ ಹೇಳಿತ್ತು. ಎಲ್ಲರೂ ಹಾಕಿ ನೋಡಿ ಅಳತೆಯನ್ನೂ ಕೊಟ್ಟಾಗಿತ್ತು. ಒಂದು ದಿನ, ವಿಭಾಗದಲ್ಲಿ ಉಳಿದಿದ್ದ ಆರು ಜನ ಹೆಂಗಸರಿಗೆ ಮಾತ್ರ ಒಂದು ಇಮೇಲ್ ಬಂತು: ನಿಮ್ಮ ಸಂಖ್ಯೆ ತೀರಾ ಕಡಿಮೆಯಾದ್ದರಿಂದ ನಿಮಗೆ ಜಾಕೆಟ್ ತರಿಸುತ್ತಿಲ್ಲ. ನೂರಿಪ್ಪತ್ತಕ್ಕೂ ಹೆಚ್ಚು ಗಂಡಸರಿಗೆ ತರಿಸುವ ದುಡ್ಡಿದ್ದಾಗ ಆರು ಜನಕ್ಕೂ ತರಿಸಬಹುದಲ್ಲವೇ ಎಂದು ಫೌಲರ್ ಕೇಳಿದರು. ಗಂಡಸರ ಜಾಕೆಟ್ ಸಗಟು ಖರೀದಿಯಲ್ಲಿ ಅಗ್ಗವಾಗಿ ಸಿಕ್ಕಿದೆ, ಹೆಂಗಸರದ್ದಕ್ಕೆ ಆ ರಿಯಾಯಿತಿ ಇಲ್ಲ, ನಿಮಗೆ ಹೆಚ್ಚು ಬೆಲೆಯದನ್ನು ಕೊಟ್ಟರೆ ಅದು ಸಮಾನತೆ ಆಗುವುದಿಲ್ಲ ಎಂದು ನಿರ್ದೇಶಕ ಉತ್ತರಿಸಿದ. ಬೇಕಿದ್ದರೆ ಅದೇ ಬೆಲೆಗೆ ಸಿಗುವುದನ್ನು ನೀವೇ ಹುಡುಕಿಕೊಳ್ಳಿ ಎಂದೂ ಸೇರಿಸಿದ.

ಕಿರುಕುಳ, ಬೆದರಿಕೆ, ವರ್ಗಾವಣೆ ತಡೆಯುವುದು ಇವುಗಳ ಮುಂದೆ ಜಾಕೆಟ್ ಏನು ಮಹಾ ಎಂದು ಕೇಳಬಹುದು. ಲೇಖನ ಓದಿದವರೆಲ್ಲ ನೆನಪಿಟ್ಟುಕೊಂಡದ್ದು ಅದನ್ನೇ, ಮತ್ತು ಅದಕ್ಕೆ ಕಾರಣವಿದೆ. ಕಿರುಕುಳದ ಆರೋಪ ಬಂದರೆ ತನಿಖೆ, ಎರಡೂ ಕಡೆಯ ವಾದ, ಸಂದೇಹದ ಲಾಭ ಎಲ್ಲವೂ ಹಿಂದೆಯೇ ಬರುತ್ತವೆ. ಜಾಕೆಟ್‌ನ ವಿಷಯದಲ್ಲಿ ಮುಚ್ಚಿಡಲು ಏನೂ ಇರಲಿಲ್ಲ. ಒಬ್ಬ ಹಿರಿಯ ಅಧಿಕಾರಿ ತನ್ನ ಹೆಸರಿನಲ್ಲಿ, ಇಮೇಲ್‌ನಲ್ಲಿ, ಯಾವ ಅಳುಕೂ ಇಲ್ಲದೆ ಅದನ್ನು ಬರೆದಿದ್ದ. ಆರು ಜನರಿಗೆ ಆರು ಬಟ್ಟೆ ಕೊಡದಿರಲು ಅವನು ಸಮಾನತೆಯ ತತ್ವವನ್ನೇ ಎಳೆದು ತಂದಿದ್ದ. ಆ ಕಚೇರಿಯಲ್ಲಿ ಹೆಂಗಸರ ಜಾಗ ಎಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷ್ಯ ಇಲ್ಲ. ಇಷ್ಟು ಸಣ್ಣ ವಿವರವನ್ನು ಬಿಡದೆ ಇಟ್ಟುಕೊಂಡದ್ದರಲ್ಲಿ ಫೌಲರ್ ಅವರೊಳಗಿನ ನಿಜವಾದ ಬರಹಗಾರ್ತಿ ಕಾಣುತ್ತಾರೆ.

ಆ ಇಮೇಲ್‌ಗಳನ್ನು ಅವರು ಎಚ್‌ಆರ್‌ಗೆ ಕಳಿಸಿದಾಗ, ಎಲ್ಲ ದೂರುಗಳಲ್ಲೂ ಇರುವವರು ನೀವೊಬ್ಬರೇ ಎಂದು ಗಮನಿಸಿದ್ದೀರಾ, ಸಮಸ್ಯೆ ನಿಮ್ಮಲ್ಲೇ ಇರಬಹುದಲ್ಲವೇ ಎಂದು ಅಲ್ಲಿನವರು ಕೇಳಿದರು. ವಾರ ಕಳೆಯುವುದರೊಳಗೆ ಮ್ಯಾನೇಜರ್ ಕರೆದು, ಮತ್ತೆ ದೂರು ಕೊಟ್ಟರೆ ಕೆಲಸದಿಂದ ತೆಗೆಯಬಹುದು ಎಂದ. ಅದು ಕಾನೂನಿಗೆ ವಿರುದ್ಧ ಎಂದು ಫೌಲರ್ ಹೇಳಿದರು. ಎಚ್‌ಆರ್ ಮತ್ತು ಮುಖ್ಯ ತಂತ್ರಜ್ಞಾನ ಅಧಿಕಾರಿ ಇಬ್ಬರೂ ಹೌದು, ವಿರುದ್ಧವೇ ಎಂದು ಒಪ್ಪಿಕೊಂಡರು. ಏನೂ ಮಾಡಲಿಲ್ಲ. ವಾರದೊಳಗೆ ಫೌಲರ್ ಬೇರೆ ಕೆಲಸ ಹಿಡಿದರು. ಅವರು ಸೇರಿದಾಗ ಆ ವಿಭಾಗದಲ್ಲಿ ಹೆಂಗಸರ ಪ್ರಮಾಣ ಶೇ 25ಕ್ಕಿಂತ ಹೆಚ್ಚಿತ್ತು. ಬಿಡುವ ದಿನ 150ಕ್ಕೂ ಹೆಚ್ಚು ಇಂಜಿನಿಯರ್‌ಗಳ ನಡುವೆ ಉಳಿದಿದ್ದು ಶೇ 3. ಲೇಖನದ ತೂಕವೆಲ್ಲ ಈ ಎರಡು ಅಂಕಿಗಳ ಮೇಲೆ ನಿಂತಿದೆ. ಹೆಂಗಸರು ಯಾಕೆ ಬಿಟ್ಟು ಹೋಗುತ್ತಿದ್ದಾರೆ ಎಂದು ಸಭೆಯೊಂದರಲ್ಲಿ ಕೇಳಿದ್ದಕ್ಕೆ, ಅವರು ಇನ್ನೂ ಒಳ್ಳೆಯ ಇಂಜಿನಿಯರ್‌ಗಳಾಗಬೇಕು ಎಂಬರ್ಥದ ಉತ್ತರ ಬಂದಿತ್ತಂತೆ. ಅದನ್ನು ಹೇಳಿ ಫೌಲರ್ ಸುಮ್ಮನಾಗುತ್ತಾರೆ, ಒಂದು ವಿಶೇಷಣವನ್ನೂ ಖರ್ಚು ಮಾಡುವುದಿಲ್ಲ.

ಈ ಸಂಯಮದ ಬೆಲೆ ತಿಳಿಯಬೇಕಾದರೆ ಇದೇ ಪ್ರಕಾರದ ಇನ್ನೊಂದು ಹೆಸರಾಂತ ಬರಹವನ್ನು ಪಕ್ಕದಲ್ಲಿಟ್ಟು ನೋಡಬೇಕು. 2012ರ ಮಾರ್ಚ್ 14ರಂದು ಗ್ರೆಗ್ ಸ್ಮಿತ್ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ, ತಾನು ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ಹೂಡಿಕೆ ಬ್ಯಾಂಕನ್ನು ಬಿಡುತ್ತಿರುವುದು ಯಾಕೆ ಎಂದು ಬರೆದ. ಸುಮಾರು ಹನ್ನೆರಡು ವರ್ಷ ಅಲ್ಲಿ ದುಡಿದು ಲಂಡನ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು. ಗಿರಾಕಿಗಳ ಹಿತಕ್ಕಿಂತ ಅವರಿಂದ ಕೀಳುವ ಹಣವೇ ಮುಖ್ಯವಾಗಿದೆ, ಸಂಸ್ಥೆ ನೀತಿಗೆಟ್ಟಿದೆ ಎಂಬುದು ಅವನ ಮಾತು. ಮೇಲಧಿಕಾರಿಗಳು ಗಿರಾಕಿಗಳನ್ನು ಸೂತ್ರದ ಬೊಂಬೆಗಳೆಂದು ಹೀಗಳೆಯುತ್ತಿದ್ದರು ಎಂಬುದೊಂದೇ ಅದರಲ್ಲಿ ಮನಸ್ಸಿಗೆ ನಾಟುವ ವಿವರ. ಉಳಿದದ್ದೆಲ್ಲ ತೀರ್ಪು: ಹಿಂದೆ ಚೆನ್ನಾಗಿತ್ತು, ಈಗ ಕೆಟ್ಟಿದೆ, ಸರಿಪಡಿಸಿ. ಅಂದು ಸಂಸ್ಥೆಯ ಷೇರು ಶೇ 3ರಷ್ಟು ಇಳಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವನ ಪುಸ್ತಕ ಬಂತು. ಅವನಿಗೆ ಸಂಬಳ, ಬಡ್ತಿಯ ಅಸಮಾಧಾನವಿತ್ತು ಎಂದು ಹೇಳಿ ಸಂಸ್ಥೆ ಆ ವಿಷಯವನ್ನು ಮುಗಿಸಿತು. ಸ್ಮಿತ್ ಹೇಳಿದ್ದು ಸುಳ್ಳು ಎಂದು ನಾನು ಭಾವಿಸುವುದಿಲ್ಲ. ಆದರೆ ಪರೀಕ್ಷಿಸಬಹುದಾದ ಒಂದು ಕಾಗದವನ್ನೂ ಅವನು ಮುಂದಿಡಲಿಲ್ಲ, ಹಾಗಾಗಿ ಸಂಸ್ಥೆ ಉತ್ತರಿಸಬೇಕಾದದ್ದೂ ಏನೂ ಇರಲಿಲ್ಲ. ಫೌಲರ್ ಅವರ ಪ್ರತಿ ಪರಿಚ್ಛೇದಕ್ಕೂ ಒಂದು ಚಾಟ್, ಒಂದು ಇಮೇಲ್, ಒಂದು ಸಭೆ ಆಧಾರವಾಗಿದೆ. ಅವರಿಗೆ ಸಂಬಳದ ಅಸಮಾಧಾನವಿತ್ತು ಎಂದು ಯಾರಾದರೂ ಹೇಳಿದರೂ ಆ ಇಮೇಲ್‌ಗಳು ಇದ್ದಲ್ಲೇ ಇರುತ್ತವೆ.

ಲೇಖನಕ್ಕೆ ಮಿತಿಗಳಿಲ್ಲವೆಂದಲ್ಲ. ನಡುವೆ ಬರುವ ಕಚೇರಿ ರಾಜಕೀಯದ ಚಿತ್ರಣ ತೆಳುವಾಗಿದೆ. ಪ್ರತಿಯೊಬ್ಬ ಮ್ಯಾನೇಜರನೂ ತನ್ನ ಮೇಲಿನವನ ಕುರ್ಚಿಗೆ ಕಣ್ಣು ಹಾಕಿದ್ದ, ಒಬ್ಬ ಅಧಿಕಾರಿಯ ಮೆಚ್ಚುಗೆ ಗಳಿಸಲು ಇನ್ನೊಬ್ಬನಿಂದ ಮುಖ್ಯ ಮಾಹಿತಿ ಮುಚ್ಚಿಡುವುದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು ಎಂದು ಬರೆಯುತ್ತಾರೆ. ಈ ಕಿತ್ತಾಟಕ್ಕೂ ಎಚ್‌ಆರ್ ಹಾಗೆ ನಡೆದುಕೊಂಡದ್ದಕ್ಕೂ ಇರುವ ನಂಟನ್ನು ಮಾತ್ರ ಬಿಡಿಸುವುದಿಲ್ಲ. ಬೆಳವಣಿಗೆಯೊಂದೇ ದೇವರಾದ ಕಂಪನಿಯಲ್ಲಿ ಅಂಕಿ ಏರಿಸುವವನನ್ನು ಮುಟ್ಟುವ ಧೈರ್ಯ ಯಾರಿಗೂ ಇರುವುದಿಲ್ಲ. ಎಚ್‌ಆರ್‌ನವರಿಗೆ ಸಂಬಳ ಕೊಡುವವರೂ ಬಡ್ತಿ ಕೊಡುವವರೂ ಅದೇ ಮೇಲಿನವರು. ಈ ಕೊಂಡಿಯನ್ನು ಓದುಗರೇ ಹಾಕಿಕೊಳ್ಳಬೇಕು.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. ಲೇಖನದ ಜಗತ್ತು ಇಂಜಿನಿಯರ್‌ಗಳ ಮಹಡಿಯ ಆಚೆಗೆ ಹೋಗುವುದಿಲ್ಲ. ಉಬರ್‌ನ ಹೆಸರಿನಲ್ಲಿ ರಸ್ತೆಯಲ್ಲಿ ದುಡಿಯುವ ಚಾಲಕರಿಗೆ, ಕಾರಿನಲ್ಲಿ ಕೂರುವವರಿಗೆ ಅಲ್ಲಿ ಜಾಗವಿಲ್ಲ. 2014ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಉಬರ್ ಚಾಲಕನೊಬ್ಬ ಪ್ರಯಾಣಿಕಳ ಮೇಲೆ ಅತ್ಯಾಚಾರ ನಡೆಸಿದ. ಆ ಹೆಣ್ಣುಮಗಳ ವೈದ್ಯಕೀಯ ದಾಖಲೆಯನ್ನು ಕಂಪನಿಯ ಹಿರಿಯ ಅಧಿಕಾರಿಯೊಬ್ಬ ಪಡೆದು ಇಟ್ಟುಕೊಂಡಿದ್ದ ಎಂಬ ಸಂಗತಿ 2017ರ ಜೂನ್‌ನಲ್ಲಿ ಹೊರಬಿತ್ತು, ಅವನ ಕೆಲಸವೂ ಹೋಯಿತು. ಒಳಗಿನ ಹೆಣ್ಣಿನ ಮಾತನ್ನು ನಂಬದ ಸಂಸ್ಥೆ ಹೊರಗಿನ ಹೆಣ್ಣಿನ ನೋವನ್ನೂ ಅನುಮಾನದಿಂದಲೇ ಕಂಡಿತ್ತು. ಎರಡೂ ಒಂದೇ ರೋಗ. ಫೌಲರ್ ತಾವು ಕಂಡದ್ದನ್ನಷ್ಟೇ ಬರೆದರು, ಅದು ಅವರ ಪ್ರಾಮಾಣಿಕತೆ. ಓದುವ ನಾವು ಅಲ್ಲಿಗೇ ನಿಲ್ಲಬಾರದು.

ಹಣದ ಮಾತು ಲೇಖನದಲ್ಲಿ ಹೆಚ್ಚು ಬರುವುದಿಲ್ಲ. ನನಗೆ ಇದು ನಿಜವಾದ ಕೊರತೆ ಎನ್ನಿಸುತ್ತದೆ. ಅಂಥ ಕೆಲಸ ಬಿಡುವಾಗ ಏನನ್ನು ಕಳೆದುಕೊಳ್ಳುತ್ತೇವೆ, ಆ ಲೆಕ್ಕ ಎಷ್ಟು ರಾತ್ರಿ ನಿದ್ದೆ ಕೆಡಿಸುತ್ತದೆ ಎಂಬುದೂ ಬಿಡುವ ಕಥೆಯ ಅರ್ಧ ಭಾಗ. ಬೆಂಗಳೂರಿನ ಯಾವ ಮನೆಯಲ್ಲಾದರೂ ಮಗಳು ಕೆಲಸ ಬಿಡುತ್ತೇನೆ ಎಂದರೆ ಮೊದಲು ಎದುರಾಗುವುದು ಫ್ಲ್ಯಾಟ್‌ನ ಕಂತು. ಆಮೇಲೆ ಅಪ್ಪನ ಔಷಧಿ, ತಮ್ಮನ ಫೀಸು. ಆಮೇಲೆ, ಎಲ್ಲ ಕಡೆಯೂ ಹೀಗೇ ಇರುತ್ತದಮ್ಮ, ಸ್ವಲ್ಪ ತಾಳಿಕೋ ಎನ್ನುವ ಅಮ್ಮ. ಸಂಬಳ ಹೆಚ್ಚಾದಷ್ಟೂ ತಾಳಿಕೊಳ್ಳಬೇಕೆನ್ನುವ ಒತ್ತಾಯವೂ ಹೆಚ್ಚುತ್ತದೆ, ಏಕೆಂದರೆ ಆ ಸಂಬಳಕ್ಕೆ ತಕ್ಕಂತೆ ಮನೆಯ ಖರ್ಚು ಆಗಲೇ ಬೆಳೆದಿರುತ್ತದೆ. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ಫೌಲರ್ ವಾರದೊಳಗೆ ಹೊಸ ಕೆಲಸ ಹಿಡಿಯಬಲ್ಲವರಾಗಿದ್ದರು. ಮೈಕ್ರೋಸರ್ವಿಸ್‌ಗಳ ಬಗ್ಗೆ ಅವರು ಬರೆದ ಪುಸ್ತಕವನ್ನು 2016ರಲ್ಲಿ ಓರೈಲಿ ಪ್ರಕಟಿಸಿತ್ತು, ಆ ವೃತ್ತಿಯಲ್ಲಿ ಅವರಿಗೆ ಹೆಸರಿತ್ತು. ಆ ಆಸರೆ ಇಲ್ಲದವರ ಬಗ್ಗೆ ಲೇಖನ ಮೌನವಾಗಿದೆ.

ಈ ಮೌನವನ್ನು ಅರ್ಧದಷ್ಟು ತುಂಬುವುದು 2020ರಲ್ಲಿ ಬಂದ ಅವರ ಪುಸ್ತಕ ‘ವಿಷಲ್‌ಬ್ಲೋವರ್’. ಅರಿಜೋನಾದ ಹಳ್ಳಿಗಾಡಿನ ಬಡತನ, ಮನೆಯಲ್ಲೇ ಕಲಿತ ಬಾಲ್ಯ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಓದು, ಅಲ್ಲೂ ಆಡಳಿತದಿಂದ ಆದ ಅನ್ಯಾಯ, ಲೇಖನದ ನಂತರ ಪರಿಚಿತರನ್ನೆಲ್ಲ ಸಂಪರ್ಕಿಸಿ ತಮ್ಮ ಖಾಸಗಿ ಬದುಕನ್ನು ಕೆದಕಿದವರು, ಎಲ್ಲವೂ ಅಲ್ಲಿದೆ. ಮಾಹಿತಿಗೆ ಪುಸ್ತಕ ಓದಬೇಕು. ಬರಹವಾಗಿ ಲೇಖನವೇ ಮೇಲು. ಪುಸ್ತಕದಲ್ಲಿ ಬದುಕಿನ ಎಲ್ಲ ಘಟ್ಟಗಳೂ ಉಬರ್‌ನ ಕಡೆಗೇ ಸಾಗಿಬಂದಂತೆ ಜೋಡಣೆಯಾಗಿವೆ. ಲೇಖನದಲ್ಲಿ ಅಂಥ ಜೋಡಣೆ ಇಲ್ಲ, ನಡೆದದ್ದು ನಡೆದ ಹಾಗೆ ಇದೆ.

ಲೇಖನದ ಪರಿಣಾಮವನ್ನು ಹೇಳುವಾಗ ಎಚ್ಚರ ಬೇಕು. ಮರುದಿನವೇ ಉಬರ್ ಮುಖ್ಯಸ್ಥ ಟ್ರಾವಿಸ್ ಕಲಾನಿಕ್ ತನಿಖೆ ಘೋಷಿಸಿದ. ಅಮೆರಿಕದ ಮಾಜಿ ಅಟಾರ್ನಿ ಜನರಲ್ ಎರಿಕ್ ಹೋಲ್ಡರ್‌ಗೆ ಅದರ ಹೊಣೆ ಬಂತು. ಇನ್ನೊಂದು ಕಾನೂನು ಸಂಸ್ಥೆ 215 ದೂರುಗಳನ್ನು ಪರಿಶೀಲಿಸಿತು. ಜೂನ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಅದೇ ತಿಂಗಳು ಕಲಾನಿಕ್ ಕೂಡ ಕೆಳಗಿಳಿದ. ಒಬ್ಬ ಹೆಣ್ಣುಮಗಳ ಲೇಖನ ಒಂದು ಸಾಮ್ರಾಜ್ಯವನ್ನು ಉರುಳಿಸಿತು ಎಂದು ಆಗ ಎಲ್ಲ ಕಡೆ ಬರೆದರು. ಅದು ಪೂರ್ತಿ ನಿಜವಲ್ಲ. ಆ ವರ್ಷದ ಜನವರಿಯಲ್ಲೇ ಉಬರ್ ಆ್ಯಪ್ ಅಳಿಸುವ ಚಳವಳಿ ನಡೆದಿತ್ತು. ಗೂಗಲ್‌ನ ಸೋದರ ಕಂಪನಿ ವೇಮೋ ತಂತ್ರಜ್ಞಾನ ಕಳವಿನ ಮೊಕದ್ದಮೆ ಹೂಡಿತ್ತು. ಕಲಾನಿಕ್ ಒಬ್ಬ ಚಾಲಕನ ಮೇಲೆ ಹರಿಹಾಯ್ದ ವಿಡಿಯೊ ಹರಿದಾಡಿತ್ತು. ಹಣ ಹೂಡಿದವರು ಬೇಸತ್ತಿದ್ದರು. ಈ ಒತ್ತಡಗಳಿಲ್ಲದೆ ಹೋಗಿದ್ದರೆ ಲೇಖನ ಒಂದು ವಾರದ ಸುದ್ದಿಯಾಗಿ ಮುಗಿಯುತ್ತಿತ್ತೋ ಏನೋ. ಅಂಥ ಹೊತ್ತಿನಲ್ಲಿ ಅಲ್ಲಗಳೆಯಲಾಗದ ಒಂದು ದಾಖಲೆ ಎಲ್ಲರ ಕೈಗೆ ಸಿಕ್ಕಿತು ಎನ್ನುವುದೇ ಸರಿ.

ಅದಕ್ಕಿಂತ ಹೆಚ್ಚು ಬಾಳಿಕೆ ಬಂದದ್ದು ಇನ್ನೊಂದು ಕೆಲಸ. ಅಮೆರಿಕದ ಹಲವು ಕಂಪನಿಗಳಲ್ಲಿ ಸೇರುವ ದಿನವೇ ನೌಕರರಿಂದ ಒಂದು ಕರಾರಿಗೆ ಸಹಿ ಹಾಕಿಸಿಕೊಳ್ಳುವುದು ರೂಢಿ. ಆಗ ಏನೇ ತಕರಾರು ಬಂದರೂ ಕೋರ್ಟಿಗೆ ಹೋಗುವಂತಿರಲಿಲ್ಲ, ಮುಚ್ಚಿದ ಬಾಗಿಲ ಹಿಂದೆ ಮಧ್ಯಸ್ಥಿಕೆಯಲ್ಲೇ ಮುಗಿಸಿಕೊಳ್ಳಬೇಕಿತ್ತು. ಒಬ್ಬಳಿಗೆ ಆದದ್ದು ಇನ್ನೊಬ್ಬಳಿಗೆ ತಿಳಿಯದೆ ಹೋಗುತ್ತಿದ್ದುದು, ಮೊದಲ ತಪ್ಪು ಎಂಬ ಮಾತನ್ನು ಹತ್ತು ಸಲ ಹೇಳಲು ಸಾಧ್ಯವಾಗುತ್ತಿದ್ದುದು ಈ ಗುಟ್ಟಿನಿಂದಲೇ. ಇದರ ವಿರುದ್ಧ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದಿದ್ದ ಒಂದು ಮೊಕದ್ದಮೆಯಲ್ಲಿ ಫೌಲರ್ ತಮ್ಮ ಅನುಭವವನ್ನು ಬರೆದು ಸಲ್ಲಿಸಿದರು. 2018ರಲ್ಲಿ ಕೋರ್ಟ್ ಆ ಮೊಕದ್ದಮೆಯಲ್ಲಿ ನೌಕರರ ವಿರುದ್ಧವೇ ತೀರ್ಪು ಕೊಟ್ಟಿತು. ಅದೇ ವರ್ಷ ಉಬರ್ ಲೈಂಗಿಕ ಕಿರುಕುಳದ ವೈಯಕ್ತಿಕ ದೂರುಗಳಿಗೆ ಈ ಕರಾರನ್ನು ಕೈಬಿಟ್ಟಿತು. 2019ರ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರದ ಸಮಾನ ಉದ್ಯೋಗಾವಕಾಶ ಆಯೋಗದೊಂದಿಗೆ ರಾಜಿ ಮಾಡಿಕೊಂಡು 44 ಲಕ್ಷ ಡಾಲರ್ ಕೊಡಲು ಒಪ್ಪಿತು. 2022ರ ಮಾರ್ಚ್‌ನಲ್ಲಿ, ಇಂಥ ದೂರುಗಳನ್ನು ಬಲವಂತವಾಗಿ ಮಧ್ಯಸ್ಥಿಕೆಗೆ ತಳ್ಳುವುದನ್ನು ತಡೆಯುವ ಕಾಯ್ದೆಯೇ ಅಮೆರಿಕದಲ್ಲಿ ಬಂತು. ಒಬ್ಬರ ರಾಜೀನಾಮೆಯ ಕಥೆಯನ್ನು ಹಲವರ ಹಕ್ಕಿನ ಕಡೆಗೆ ಒಯ್ಯಲು ಅವರು ಪಟ್ಟ ಪಾಡನ್ನು ಜಾಕೆಟ್‌ನಷ್ಟು ಯಾರೂ ನೆನೆಯುವುದಿಲ್ಲ.

ನಮ್ಮಲ್ಲಿ ಕೆಲಸ ಬಿಡುವ ರೀತಿಯನ್ನು ಇದರ ಪಕ್ಕ ಇಟ್ಟು ನೋಡಿದರೆ ಬೇಸರವಾಗುತ್ತದೆ. ಬೆಂಗಳೂರಿನಲ್ಲಿ ‘ಪೇಪರ್ ಹಾಕಿದೆ’ ಎನ್ನುವವರು ಮುಂದಿನ ತೊಂಬತ್ತು ದಿನ ಯಾರ ಮನಸ್ಸನ್ನೂ ನೋಯಿಸದೆ ಕಳೆಯಬೇಕು. ರಿಲೀವಿಂಗ್ ಲೆಟರ್, ಅನುಭವ ಪತ್ರ, ಬಾಕಿ ಹಣದ ಚುಕ್ತಾ ಎಲ್ಲವೂ ಅದೇ ಮ್ಯಾನೇಜರನ ಒಪ್ಪಿಗೆಯ ಮೇಲೆ ನಿಂತಿರುತ್ತವೆ. ಹೊಸ ಕಂಪನಿಯ ಹಿನ್ನೆಲೆ ಪರಿಶೀಲನೆಯವರು ಫೋನ್ ಮಾಡುವುದೂ ಹಳೆಯ ಕಂಪನಿಗೇ. ಕೊನೆಯ ವಾರದಲ್ಲಿ ಎಚ್‌ಆರ್ ಒಂದು ಅರ್ಜಿ ತುಂಬಿಸುತ್ತದೆ. ಬಿಡುವ ಕಾರಣ ಎಂಬ ಖಾನೆಯಲ್ಲಿ ಉನ್ನತ ವ್ಯಾಸಂಗ, ಉತ್ತಮ ಅವಕಾಶ, ಮದುವೆ, ಊರು ಬದಲಾವಣೆ, ವೈಯಕ್ತಿಕ ಎಂಬ ಆಯ್ಕೆಗಳಿರುತ್ತವೆ. ರಾತ್ರಿ ಹನ್ನೊಂದಕ್ಕೆ ಬರುವ ಕರೆ, ಎಲ್ಲರ ಮುಂದೆ ತಿಂದ ಬೈಗುಳ, ಹೆರಿಗೆ ರಜೆ ಮುಗಿಸಿ ಬಂದಾಗ ಕಿತ್ತುಕೊಂಡ ಜವಾಬ್ದಾರಿ, ಇವಕ್ಕೆ ಆಯ್ಕೆ ಇರುವುದಿಲ್ಲ. ಹೆಚ್ಚಿನವರು ‘ವೈಯಕ್ತಿಕ’ ಎಂದು ಗುರುತು ಹಾಕಿ ಕೇಕ್ ಕತ್ತರಿಸಿ ಹೊರಡುತ್ತಾರೆ. ಅವರ ಜಾಗಕ್ಕೆ ಬರುವವಳಿಗೆ ಏನೂ ಗೊತ್ತಿರುವುದಿಲ್ಲ. ಬಿಟ್ಟು ಹೋದವರನ್ನು ನಾನು ದೂರುವುದಿಲ್ಲ, ಕಂತು ಕಟ್ಟಬೇಕಾದವರು ಮತ್ತೇನು ಮಾಡಿಯಾರು? ಆದರೆ ಹೀಗೆ ಸದ್ದಿಲ್ಲದೆ ಬಿಡುವುದೇ ಜಾಣತನ ಎಂದು ಕಿರಿಯರಿಗೆ ಕಲಿಸುವುದನ್ನು ಒಪ್ಪಲಾರೆ.

ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ ಕಾನೂನು ನಮ್ಮಲ್ಲಿ ಇಲ್ಲವೆಂದಲ್ಲ. ರಾಜಸ್ಥಾನದ ಭಂವರಿ ದೇವಿಯ ಅತ್ಯಾಚಾರ ಪ್ರಕರಣದಿಂದ ಹೊರಟು 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು, 2013ರಲ್ಲಿ ಕಾಯ್ದೆ ಬಂತು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳೆ ಅದರ ಅಧ್ಯಕ್ಷೆಯಾಗಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಫೌಲರ್‌ಗೆ ಸಿಗದ ಎರಡು ರಕ್ಷಣೆಗಳು ಇದರಲ್ಲಿವೆ. ವಿಚಾರಣೆಯ ಅವಧಿಯಲ್ಲಿ ವರ್ಗಾವಣೆಯನ್ನು ದೂರುದಾರಳು ಬರೆದು ಕೇಳಬೇಕು, ಕೇಳಿದರೆ ಆರೋಪಿಯನ್ನೂ ವರ್ಗಾಯಿಸಬಹುದು. ಮತ್ತು ಆರೋಪಿ ಅವಳ ಕೆಲಸದ ಮೌಲ್ಯಮಾಪನ ಬರೆಯದಂತೆ ಸಮಿತಿ ಶಿಫಾರಸು ಮಾಡಬಹುದು. ಈ ಕಾಯ್ದೆ ಬರೆದವರು ಕಚೇರಿಗಳ ಒಳಗನ್ನು ಬಲ್ಲವರು. ಆದರೆ ಹಲವೆಡೆ ಸಮಿತಿ ಕಾಗದದಲ್ಲಷ್ಟೇ ಇದೆ. ಕಾಯ್ದೆ ಜಾರಿಯಲ್ಲಿನ ಲೋಪಗಳ ಬಗ್ಗೆ 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ ಬೇಸರ ತೋಡಿಕೊಂಡಿತು. ಇನ್ನು ಲೈಂಗಿಕವಲ್ಲದ ಕಿರುಕುಳಕ್ಕೆ, ಅವಮಾನಕ್ಕೆ, ಹೊತ್ತುಗೊತ್ತಿಲ್ಲದ ದುಡಿತಕ್ಕೆ ಇಷ್ಟು ಸ್ಪಷ್ಟವಾದ ದಾರಿಯೂ ಇಲ್ಲ. ನೌಕರಿಯ ಷರತ್ತುಗಳನ್ನು ಲಿಖಿತವಾಗಿ ಕಟ್ಟಿಹಾಕುತ್ತಿದ್ದ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕರ್ನಾಟಕ ಸರ್ಕಾರ ಐಟಿ ಉದ್ಯಮಕ್ಕೆ ಕೊಟ್ಟ ವಿನಾಯಿತಿ 2019ರಲ್ಲಿ, ಮತ್ತೆ 2024ರಲ್ಲಿ ಮುಂದುವರಿಯಿತು. 2024ರಲ್ಲೇ ಪುಣೆಯಲ್ಲಿ ದುಡಿಯುತ್ತಿದ್ದ ಯುವ ಲೆಕ್ಕಪರಿಶೋಧಕಿಯೊಬ್ಬಳು ತೀರಿಕೊಂಡ ಮೇಲೆ ಅವಳ ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಕೆಲಸದ ಹೊರೆಯ ಬಗ್ಗೆ ಪತ್ರ ಬರೆದರು. ದೇಶವೆಲ್ಲ ಓದಿದ ಆ ಪತ್ರವನ್ನು ಮಗಳ ಬದಲು ತಾಯಿ ಬರೆಯಬೇಕಾಯಿತು.

ಬಹಿರಂಗವಾಗಿ ಬರೆಯುವುದು ನಮ್ಮಲ್ಲಿ ಸುಲಭವಲ್ಲ. ಸಮಿತಿಗೆ ಕೊಟ್ಟ ದೂರಿನ ವಿವರ, ಹೆಸರು ಪ್ರಕಟಿಸುವುದನ್ನು 2013ರ ಕಾಯ್ದೆ ತಡೆಯುತ್ತದೆ. ಮಾನಹಾನಿ ಇಲ್ಲಿ ಇನ್ನೂ ಕ್ರಿಮಿನಲ್ ಅಪರಾಧ. ಪತ್ರಕರ್ತೆ ಪ್ರಿಯಾ ರಮಾನಿ 2021ರ ಫೆಬ್ರುವರಿಯಲ್ಲಿ ಅಂಥ ಮೊಕದ್ದಮೆಯಿಂದ ಖುಲಾಸೆಯಾದಾಗ, ತನಗಾದ ಕಿರುಕುಳವನ್ನು ದಶಕಗಳ ನಂತರವೂ ತನಗೆ ಸರಿಕಂಡ ವೇದಿಕೆಯಲ್ಲಿ ಹೇಳಿಕೊಳ್ಳುವ ಹಕ್ಕು ಹೆಣ್ಣಿಗಿದೆ ಎಂದು ದೆಹಲಿಯ ನ್ಯಾಯಾಲಯ ಎತ್ತಿಹಿಡಿಯಿತು. ಅಲ್ಲಿಯವರೆಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಅವರು ಕೋರ್ಟಿಗೆ ಅಲೆದಿದ್ದರು. ಹಾಗಾಗಿ ಎಲ್ಲರೂ ಫೌಲರ್‌ರಂತೆ ಬರೆದು ಪ್ರಕಟಿಸಿ ಎಂದು ನಾನು ಹೇಳಲಾರೆ.

ಪ್ರಕಟಿಸದಿದ್ದರೂ ಬರೆದಿಡಲು ಯಾರ ಅಪ್ಪಣೆಯೂ ಬೇಕಿಲ್ಲ. ಫೌಲರ್ ಅವರ ಲೇಖನ ಗೆದ್ದದ್ದು ಅವರು ಕೆಲಸ ಬಿಟ್ಟ ಮೇಲೆ ಮಾಡಿದ ಯೋಚನೆಯಿಂದಲ್ಲ, ಕೆಲಸದಲ್ಲಿದ್ದಾಗಲೇ ಇಟ್ಟುಕೊಂಡ ದಾಖಲೆಯಿಂದ. ಇಂಥ ಕಚೇರಿಯಲ್ಲಿ ಇದ್ದೀರಾದರೆ ಇವತ್ತೇ ಶುರುಮಾಡಿ: ತಾರೀಖು, ಹೇಳಿದವರು, ಹೇಳಿದ ಮಾತು, ಜೊತೆಗಿದ್ದವರು. ಬಾಯಿಮಾತಿನಲ್ಲಿ ನಡೆದ ಸಭೆಯ ನಂತರ ಅದರ ಸಾರಾಂಶವನ್ನು ಇಮೇಲ್‌ನಲ್ಲಿ ಕಳಿಸಿ ಉತ್ತರ ಕೇಳಿ. ನೀವು ಕೊಟ್ಟ ದೂರಿನ ಪ್ರತಿ ನಿಮ್ಮ ಬಳಿ ಇರಲಿ, ಕಂಪನಿಯ ಲ್ಯಾಪ್‌ಟಾಪ್ ಹಿಂತಿರುಗಿಸಿದ ಮೇಲೆ ಅದು ಸಿಗುವುದಿಲ್ಲ. ಲೈಂಗಿಕ ಕಿರುಕುಳವಾದರೆ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಲು ಘಟನೆಯ ದಿನದಿಂದ ಮೂರು ತಿಂಗಳು ಅವಕಾಶವಿದೆ. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ಅದರಾಚೆಗೆ ಕಾಯ್ದೆಯಲ್ಲಿ ಅವಕಾಶವಿಲ್ಲ.